ಶೆಫ್‌ಗೆ ನಾನು ಮೂಗಾಗಿದ್ದ ದಿನಗಳು

ನಮ್ಮ ಮ್ಯಾನ್‌ಹೈಮ್ ಕನ್ನಡ ಗುಂಪಿನಲ್ಲಿ ಮೊನ್ನೆ ಹೈಡೆಲ್‌ಬರ್ಗ್‌ನಲ್ಲಿ ಓದುವ ಒಬ್ಬಳು ಹುಡುಗಿ ಕೇಳಿದ್ದಳು: "ಅಕ್ಕಾ, ನಂಗೊಂದು ಪಿಜ್ಜೇರಿಯಾದಲ್ಲಿ ಮಿನಿಜಾಬ್ ಸಿಕ್ಕಿದೆ, ವಾರಕ್ಕೆ ಕೆಲವೇ ಗಂಟೆ. ನೀವು ಅದೇ ಕೆಲ್ಸ ಮಾಡಿ ರಿಟೈರ್ ಆದೋರಂತೆ. ಹೆಂಗಿರುತ್ತೆ? ಈಸಿನಾ?"

ಈಸಿ ಇಲ್ಲ ಕಣಮ್ಮ ಎಂದು ಬರೆದು ಅಳಿಸಿದೆ. ಚೆನ್ನಾಗಿರುತ್ತೆ, ಹೋಗು ಎಂದು ಬರೆದೆ. ಅದನ್ನೂ ಅಳಿಸಿದೆ. ಒಂದು ಸಾಲಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಈ ಉದ್ದ ಪೋಸ್ಟು. ಪುರುಸೊತ್ತಿಲ್ಲದವರು ಮುಂದಕ್ಕೆ ಸ್ಕ್ರೋಲ್ ಮಾಡಿ, ನನಗೇನೂ ಬೇಜಾರಿಲ್ಲ.

ಮೊದಲು ಒಂದು ತಿದ್ದುಪಡಿ. ರಿಟೈರ್ ಆದೆ ಅಂದರೆ ಹಾರ, ಶಾಲು, ಭಾಷಣ ಆಗಿ ಮನೆಗೆ ಬಂದವಳಲ್ಲ ನಾನು. ಐವತ್ತು ತುಂಬುವ ಮೊದಲೇ ಡಾಕ್ಟರು ಸಾಕು ಎಂದು ಕಳಿಸಿದವಳು. ಯಾಕೆ ಎನ್ನುವುದು ಮುಂದೆ ಬರುತ್ತದೆ.

ನನ್ನೂರು ದಾವಣಗೆರೆ. ಗಂಡನಿಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಮಗಳು ಕಿಂಡರ್‌ಗಾರ್ಟನ್‌ಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಕೂತು ಕೂತು ಗೋಡೆಯ ಜೊತೆ ಮಾತಾಡುವಷ್ಟಾಗಿದ್ದೆ. ನಮ್ಮ ಬೀದಿಯ ಮೂಲೆಯ ಪಿಜ್ಜೇರಿಯಾದ ಬಾಗಿಲಿಗೆ "ಅಡುಗೆಮನೆಗೆ ಸಹಾಯಕರು ಬೇಕು" ಎಂದು ಚೀಟಿ ಅಂಟಿಸಿದ್ದರು. ಒಳಗೆ ಹೋದೆ. ತರಕಾರಿ ಹೆಚ್ಚಲು ತೆಗೆದುಕೊಂಡರು. ಸಂಜೆ ಫೋನಿನಲ್ಲಿ ನಮ್ಮತ್ತೆ, "ಎಂ.ಎಸ್ಸಿ ಮಾಡಿ ಕಂಡೋರ ಮನೆ ಒಲೆ ಮುಂದೆ ನಿಂತ್ಕಂತೀಯೇನೇ?" ಎಂದರು. ನಿಂತುಕೊಂಡೆ. ಬೇರೆಲ್ಲೂ ಹೋಗಲಿಲ್ಲ.

ಅಂಗಡಿಯ ಯಜಮಾನರ ಹೆಸರು ಸಾಲ್ವಾತೋರೆ. ಇಟಲಿಯ ನೇಪಲ್ಸ್ ಹತ್ತಿರದ ಒಂದು ಹಳ್ಳಿಯಿಂದ ಎಳೆಯ ವಯಸ್ಸಿನಲ್ಲೇ ಇಲ್ಲಿಗೆ ಬಂದವರು. ನಾವೆಲ್ಲ ಅವರನ್ನು ಶೆಫ್ ಎನ್ನುತ್ತಿದ್ದೆವು. ಜರ್ಮನಿಯಲ್ಲಿ ಶೆಫ್ ಅಂದರೆ ಅಡುಗೆಯವನಲ್ಲ, ಯಜಮಾನ. ಇವರು ಎರಡೂ ಆಗಿದ್ದರು. ನನ್ನ ಜರ್ಮನ್ ಮುರುಕು, ಇಷ್ಟು ವರ್ಷ ಇಲ್ಲಿದ್ದರೂ ಅವರದ್ದು ನನಗಿಂತ ಮುರುಕು. ಆದರೆ ಅವರ ಮಾತೆಲ್ಲ ನನ್ನ ತಲೆಯಲ್ಲಿ ದಾವಣಗೆರೆ ಕನ್ನಡವಾಗಿಯೇ ಕೂತಿದೆ. ಹಾಗೆಯೇ ಬರೆಯುತ್ತೇನೆ, ಒಪ್ಪಿಕೊಳ್ಳಿ.

ಸೇರಿದ ದಿನವೇ ಅವರು ನನ್ನನ್ನು ಒಂದು ಟೇಬಲ್ಲಿಗೆ ಕೂರಿಸಿ ಮಾರ್ಗರೀಟಾ ತಂದಿಟ್ಟರು. ಅಲ್ಲಿಯವರೆಗೆ ನಾನು ತಿಂದಿದ್ದ ಪಿಜ್ಜಾ ಎಂದರೆ ದಪ್ಪ ಬನ್ನಿನ ಮೇಲೆ ಕ್ಯಾಪ್ಸಿಕಂ, ಸ್ವೀಟ್ ಕಾರ್ನ್, ಮೇಲೊಂದಿಷ್ಟು ಸಾಸ್. ಇದು ನೋಡಲು ಬಡವಾಗಿತ್ತು. ಕೈಯಲ್ಲಿ ಹಿಸುಕಿ ಉಪ್ಪು ಹಾಕಿದ ಟೊಮ್ಯಾಟೊ, ಅಲ್ಲಲ್ಲಿ ಕರಗಿ ಕೊಳದಂತೆ ನಿಂತ ಮೊಝರೆಲ್ಲಾ, ನಾಲ್ಕು ಬೇಸಿಲ್ ಎಲೆ, ಸುತ್ತ ಹರಿದ ಆಲಿವ್ ಎಣ್ಣೆ. ಅಷ್ಟೇ. ನಮ್ಮ ಕಾಮಕಸ್ತೂರಿಯ ತಂಗಿಯಂಥ ಆ ಎಲೆ ಬಿಸಿಗೆ ಬಾಡಿ, ಘಮ ನೇರ ಮೂಗಿಗೆ ಬಂತು. ಅಂಚು ಉಬ್ಬಿ, ಮೇಲೆಲ್ಲ ಚಿರತೆಯ ಮೈಯಂತೆ ಕಪ್ಪು ಚುಕ್ಕೆ. ಮುರಿದರೆ ಒಳಗೆ ಗಾಳಿ ತುಂಬಿದ ಗೂಡು, ಸ್ವಲ್ಪ ಕಟ್ಟಿಗೆಯ ಹೊಗೆ, ಸ್ವಲ್ಪ ಸಿಹಿ. ನಮ್ಮೂರ ಬೆಣ್ಣೆದೋಸೆ ಕಾವಲಿಯಿಂದ ಎಲೆಗೆ ಬಿದ್ದ ಕ್ಷಣ ಇದೆಯಲ್ಲ, ಅದೇ. ಒಂದು ನಿಮಿಷ ತಡವಾದರೆ ಆ ದೋಸೆಯೂ ಇಲ್ಲ, ಈ ಪಿಜ್ಜಾವೂ ಇಲ್ಲ.

ಶೆಫ್ ಎದುರಿಗೆ ನಿಂತು ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದರು. ಅಂಚನ್ನೂ ಬಿಡದೆ ತಿಂದಿದ್ದೆ.

"ಬಾಯಿ ಸುಳ್ಳು ಹೇಳತೈತೆ ಕಣವ್ವ. ಎಲ್ರೂ ಚೆನ್ನಾಗೈತೆ ಅಂತಾನೇ ಹೋಗ್ತಾರೆ. ವಾಪಸ್ ಬಂದ ತಟ್ಟೆ ನೋಡು. ಅಂಚು ಬಿಟ್ಟಿದ್ರೆ ಹಿಟ್ಟು ಸರಿ ಇಲ್ಲ ಅಂತ," ಎಂದರು.

ಅವತ್ತಿನಿಂದ ಇವತ್ತಿನವರೆಗೂ ಯಾವ ಹೋಟೆಲಿಗೆ ಹೋದರೂ ನಾನು ಪಕ್ಕದ ಟೇಬಲ್ಲಿನ ಎಂಜಲು ತಟ್ಟೆ ನೋಡುತ್ತೇನೆ. ಮಗಳಿಗೆ ನಾಚಿಕೆಯೋ ನಾಚಿಕೆ.

ಇನ್ನು ನನ್ನ ಮೊದಲ ಅನಾಹುತ ಕೇಳಿ. ಅಲ್ಲಿ ಯಾರೂ ಮಾಡದ ತಪ್ಪು ಅದು. ದಾವಣಗೆರೆಯವಳೇ ಮಾಡಬೇಕು.

ಮೊದಲ ಚಳಿಗಾಲ. ಪಿಜ್ಜಾ ಹಿಟ್ಟಿನ ಉಂಡೆ ಕಟ್ಟುವುದು ಕಲಿತಿದ್ದೆ. ಬೆಳಿಗ್ಗೆ ಶೆಫ್ ಹೋಲ್‌ಸೇಲ್ ಮಾರ್ಕೆಟ್ಟಿಗೆ ಹೊರಟವರು, "ಹಿಟ್ಟಿನ ಕಡೆ ಒಂದು ಕಣ್ಣಿಟ್ಟಿರು" ಎಂದರು. ಉಂಡೆಗಳ ಡಬ್ಬಿಗಳು ತಣ್ಣಗಿನ ಮೂಲೆಯಲ್ಲಿ ಒಂದರ ಮೇಲೊಂದು ಇದ್ದವು. ಮುಟ್ಟಿದರೆ ಐಸು. ಜರ್ಮನಿಯಲ್ಲಿರುವ ಕನ್ನಡದ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಚಳಿಗಾಲದಲ್ಲಿ ದೋಸೆಹಿಟ್ಟು ಉಬ್ಬಬೇಕು ಅಂದರೆ ಏನು ಮಾಡುತ್ತೇವೆ? ಪಾತ್ರೆಗೆ ಟವೆಲ್ ಸುತ್ತಿ ಗೋಡೆಯ ಹೀಟರ್, ಆ ಹೈಟ್ಸುಂಗ್ ಮೇಲೆ ಇಡುತ್ತೇವೆ. ನಾನೂ ಅಷ್ಟೇ ಮಾಡಿದ್ದು. ಎಲ್ಲಾ ಡಬ್ಬಿ ಹೊತ್ತು ತಂದು ಹೈಟ್ಸುಂಗ್‌ಗೆ ಒತ್ತಿಸಿ ಇಟ್ಟು, ಮೇಲೆ ಟೇಬಲ್ ಕ್ಲಾತ್ ಹೊದಿಸಿದೆ.

ಶೆಫ್ ಬರುವ ಹೊತ್ತಿಗೆ ಮುಚ್ಚಳಗಳು ಮೇಲೆದ್ದಿದ್ದವು. ಉಂಡೆಗಳೆಲ್ಲ ಒಂದಕ್ಕೊಂದು ಕೂಡಿ ಅಂಚಿನಿಂದ ಕೆಳಗೆ ಇಳಿಯುತ್ತಿದ್ದವು. ಅಡುಗೆಮನೆಯೆಲ್ಲ ಹುಳಿ ಘಮ. ನನಗೆ ಊರೇ ನೆನಪಾಗಿ ಖುಷಿಯಾಗಿತ್ತು.

"ಶೆಫ್, ನೋಡಿ, ಹೆಂಗೆ ಉಬ್ಬಿದೆ!"

ಅವರು ಕೈಯಲ್ಲಿದ್ದ ಟೊಮ್ಯಾಟೊ ಡಬ್ಬದ ಕ್ರೇಟ್ ಅಲ್ಲೇ ಇಳಿಸಿದರು. "ಏನವ್ವಾ ಮಾಡಿದಿ ಇದನ್ನ?"

"ಹಿಟ್ಟಿಗೆ ಚಳಿ ಆಗ್ತಿತ್ತು, ಶೆಫ್."

"ಚಳಿ ಆಗ್ತಿತ್ತಾ? ಹಂಗಾದ್ರೆ ಒಂದು ಸ್ವೆಟರ್ ಹಾಕ್ಬೇಕಿತ್ತು, ಮಂಕಿ ಟೋಪಿ ಹಾಕ್ಬೇಕಿತ್ತು!"

ಆಮೇಲೆ ಇಟಾಲಿಯನ್‌ನಲ್ಲಿ ಬೈದದ್ದು ನನಗೆ ಅರ್ಥವಾಗಲಿಲ್ಲ, ಪುಣ್ಯ. ಬೈಗುಳ ಮುಗಿದ ಮೇಲೆ ಒಲೆಗೆ ಕಟ್ಟಿಗೆ ಹಾಕಿದರು. "ಇಲ್ಲೊಂದು ಕಾನೂನೈತೆ. ಹಿಟ್ಟು ಕೆಡಿಸಿದೋರು ಅದ್ರಲ್ಲೇ ಒಂದು ಪಿಜ್ಜಾ ಸುಟ್ಕಂಡು ಪೂರ್ತಿ ತಿನ್ಬೇಕು. ನಮ್ಮಪ್ಪ ನಂಗೆ ತಿನ್ಸಿದ್ದ."

ಸುಟ್ಟೆ. ಬಣ್ಣವೇ ಬರಲಿಲ್ಲ. ರಬ್ಬರಿನಂತೆ, ಬಿಳಿಚಿಕೊಂಡ ಒಂದು ವಸ್ತು. ತಟ್ಟೆ ಮುಂದಿಟ್ಟುಕೊಂಡು ಕೂತೆ. ಶೆಫ್ ಎದುರು ಕುರ್ಚಿ ಎಳೆದುಕೊಂಡು ಅರ್ಧ ಹರಿದು ತಾವೂ ತಿನ್ನಲು ಶುರು ಮಾಡಿದರು.

"ನೀವ್ಯಾಕೆ ಶೆಫ್?"

"ಸರಿಯಾಗಿ ಕಲಿಸದೇ ಇದ್ದೋನೂ ತಿನ್ಬೇಕು. ಅದೂ ಕಾನೂನೇ."

ತಿನ್ನುತ್ತಾ ತಿನ್ನುತ್ತಾ ಕೇಳಿದರು, ಇಷ್ಟು ಹುಳಿ ಹಿಟ್ಟನ್ನು ನಗುನಗುತ್ತಾ ತೋರಿಸುವ ಊರು ಯಾವುದು ಎಂದು. ನಾನು ದೋಸೆಯ ಕತೆ ಹೇಳಿದೆ. ಊರ ಹೆಸರು ಹೇಳಿದೆ. ಅವರ ನಾಲಿಗೆಯಲ್ಲಿ ಅದು "ದವನಜೇರೆ" ಆಯಿತು. ಆಮೇಲೆ ಆ ಅಡುಗೆಮನೆಯಲ್ಲಿ ಹುಳಿ ಹೆಚ್ಚಾದ ಹಿಟ್ಟಿನ ಹೆಸರೇ ದವನಜೇರೆ. ಹಿಟ್ಟಿನ ಚೀಲ ತಂದುಕೊಡುವ ಡ್ರೈವರ್‌ಗೂ ಗೊತ್ತಿತ್ತು. ನಮ್ಮೂರು ಯಾವ ಮ್ಯಾಪಿನಲ್ಲಿದೆ ಎಂದು ತಿಳಿಯದ ಜನ ಅದನ್ನು ದಿನಾ ಬೈಗುಳವಾಗಿ ಬಳಸುತ್ತಿದ್ದರು.

ಸಲಾಡ್‌ನಿಂದ ಹಿಟ್ಟಿಗೆ, ಹಿಟ್ಟಿನಿಂದ ಒಲೆಯ ಮುಂದಕ್ಕೆ ಹೇಗೆ ಬಂದೆ ಎನ್ನುವುದನ್ನು ಹೇಳುವುದಿಲ್ಲ. ನಿಂತವರು ಮುಂದೆ ಬರುತ್ತಾರೆ, ಅಷ್ಟೇ. ಒಲೆಯ ಮುಂದೆ ನಿಂತ ಮೇಲೆ ನಡೆದ ಒಂದು ಸಂಗತಿ ಮಾತ್ರ ಹೇಳಲೇಬೇಕು.

ಒಂದು ಶುಕ್ರವಾರ ನಾಲ್ಕು ಜನ ನಮ್ಮ ಹುಡುಗರು ಬಂದರು. ಕತ್ತಿನಲ್ಲಿ ಆಫೀಸಿನ ಟ್ಯಾಗು ಹಾಗೇ ಇತ್ತು. ಬಿಳಿ ಟೋಪಿ ಹಾಕಿಕೊಂಡು ಒಲೆಯ ಮುಂದೆ ನಿಂತ ನನ್ನನ್ನು ಯಾವ ದೇಶದವಳು ಅಂದುಕೊಂಡರೋ.

"ಏನ್ ಮಗಾ ಇದು, ಎರಡೆಲೆ ಹಾಕಿ ಕೊಟ್ಟವ್ರೆ? ಟಾಪಿಂಗ್ ಎಲ್ಲಿ ಗುರು?"

"ಚಿಲ್ಲಿ ಫ್ಲೇಕ್ಸ್ ಪ್ಯಾಕೆಟ್ಟೂ ಇಲ್ಲ. ಕೇಳು ಆ ಆಂಟಿನ."

"ಆಂಟಿಗೆ ಇಂಗ್ಲಿಷ್ ಬರಲ್ಲ ಅನ್ಸುತ್ತೆ ಬಿಡೋ."

ನಾನು ಪಿಜ್ಜಾ ತೆಗೆಯುವ ಉದ್ದ ಸಲಿಕೆ ಕೆಳಗಿಡದೆ ಅಲ್ಲಿಂದಲೇ ಹೇಳಿದೆ: "ಆಂಟಿಗೆ ಕನ್ನಡ ಬರುತ್ತೆ ಕಣ್ರಪ್ಪ. ಮೊದ್ಲು ಬಿಸಿ ಆರೋದ್ರೊಳಗೆ ತಿನ್ನಿ, ಆಮೇಲೆ ಟಾಪಿಂಗ್ ವಿಚಾರ."

ನಾಲ್ವರೂ ಕಲ್ಲಾದರು. ತಿಂದರು. ಕೊನೆಗೆ ಒಬ್ಬ ಪಿಜ್ಜಾದ ಅಂಚಿನಿಂದ ತಟ್ಟೆಯ ಎಣ್ಣೆಯನ್ನೂ ಟೊಮ್ಯಾಟೊವನ್ನೂ ಬಳಿಯುತ್ತಾ, "ಅಕ್ಕಾ, ಇನ್ನೊಂದೊಂದು ಹಾಕಿ" ಎಂದ. ಆಂಟಿಯಿಂದ ಅಕ್ಕನಾದೆ. ಶೆಫ್ ನಾಲ್ಕು ಖಾಲಿ ತಟ್ಟೆಗಳನ್ನು ನನಗೆ ತೋರಿಸುತ್ತಾ ಸಿಂಕಿಗೆ ಹೋದರು. ಅಂಥ ಸಂಜೆ ಮನೆಗೆ ಹೋದರೆ ಮಗಳು ಅಪ್ಪಿಕೊಂಡು ಜರ್ಮನ್‌ನಲ್ಲಿ, "ಮಮ್ಮಾ, ನೀನು ಪಿಜ್ಜಾ ವಾಸನೆ" ಎನ್ನುತ್ತಿದ್ದಳು.

ಕಾಲ ಬದಲಾಯಿತು. ಡೆಲಿವರಿ ಆ್ಯಪ್‌ಗಳು ಬಂದವು. ರಟ್ಟಿನ ಡಬ್ಬಿಯೊಳಗೆ ಪಿಜ್ಜಾ ತನ್ನ ಬೆವರಿನಲ್ಲೇ ಬೆಂದು ಸಾಯುತ್ತದೆ ಎಂದು ಹೇಳಿ ಶೆಫ್ ಅವಕ್ಕೆ ಒಪ್ಪಲಿಲ್ಲ. ಪಕ್ಕದ ಬೀದಿಯಲ್ಲಿ ಪಿಜ್ಜಾ ಮೇಲೆ ಮೊಟ್ಟೆ-ಬೆಣ್ಣೆಯ ಹಾಲಾಂಡೈಸ್ ಸಾಸ್ ಸುರಿದು ಕೊಡುವ ಅಂಗಡಿ ತೆರೆಯಿತು. ಅದರ ಮುಂದೆ ಕ್ಯೂ ನಿಂತಿತು. ನಮ್ಮಲ್ಲಿ ಹಳಬರು ಉಳಿದರು. ಅವರು ಸಾಕಾಗಿದ್ದರು.

ಆಮೇಲೆ ಆ ಜ್ವರ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಜ್ವರ. ಅದಕ್ಕೆ ಸ್ವಲ್ಪ ಮುಂಚೆಯೇ ಶೆಫ್ ಹೆಂಡತಿ ಕೊನ್ಚೆತ್ತಾ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಜ್ವರದಲ್ಲಿ ಶೆಫ್ ಒಬ್ಬರೇ ಮಲಗಿ ಎದ್ದರು. ಬಾಗಿಲು ತೆರೆದ ದಿನ ಮೊದಲಿನಂತೆಯೇ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಉದ್ದ ಉಸಿರೆಳೆದು, "ಚೆನ್ನಾಗೈತೆ" ಎಂದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಲ್ಲಿಗೇ ನನಗೆ ಹುಳಿ ಹೊಡೆದಿತ್ತು.

"ಶೆಫ್, ಇನ್ನೊಂದ್ಸಲ ಮೂಸಿ."

ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತರು.

"ಏನೂ ಬರ್ತಿಲ್ಲ ಉಮಾ. ಕಾಫಿ ಇಲ್ಲ, ಬೇಸಿಲ್ ಇಲ್ಲ. ಅವಳ ಸ್ವೆಟರ್ ತೊಳೀದೆ ಇಟ್ಕಂಡಿದ್ದೆ. ಈಗ ಅದು ಬರೀ ಉಣ್ಣೆ."

ಕಾಫಿ ಮಾಡಿ ತಂದುಕೊಟ್ಟೆ. ಅದು ದಡ್ಡತನವೇ. ಬಿಸಿನೀರು ಕುಡಿದಂತೆ ಕುಡಿದರು.

ಯಾರಿಗೂ ಹೇಳಬೇಡ ಎಂದರು. ಮೂಗಿಲ್ಲದ ಪಿಜ್ಜಾದವನನ್ನು ಯಾರು ನಂಬುತ್ತಾರೆ? ಕಣ್ಣಿಗೆ, ಕೈಗೆ ಗೊತ್ತಾಗುವುದಿಲ್ಲವಾ ಎಂದು ನೀವು ಕೇಳಬಹುದು. ಗೊತ್ತಾಗುತ್ತದೆ, ಆದರೆ ತಡವಾಗಿ. ಮೂಗು ಮೊದಲು ಹೇಳುತ್ತದೆ. ಅದೂ ಅಲ್ಲದೆ ಹಿಟ್ಟೊಂದೇ ಅಲ್ಲ, ಎಣ್ಣೆ ಇದೆ, ಚೀಸ್ ಇದೆ. ಹಾಗಾಗಿ ನಾನು ಅವರ ಮೂಗಾದೆ. ಎಲ್ಲರ ಮುಂದೆ ಅವರೇ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಸುವುದು. ನಾನು ಹಿಂದೆ ನಿಂತಿರುವುದು. ಸರಿ ಇದ್ದರೆ ಸುಮ್ಮನಿರುವುದು. ಸರಿ ಇಲ್ಲದಿದ್ದರೆ ಒಂದು ಸಣ್ಣ ಕೆಮ್ಮು. ಕೆಮ್ಮಿದರೆ ಶೆಫ್ ಮುಖ ಕಿವುಚಿ, "ದವನಜೇರೆ!" ಎಂದು ಕೂಗಿ ಮುಚ್ಚಳ ಹಾಕುತ್ತಿದ್ದರು. ಬಡಿಸುವ ಹುಡುಗಿ ಎಲೆನಾ, "ಶೆಫ್ ಮೂಗು ಅಂದ್ರೆ ಮೂಗು" ಎಂದು ಮೆಚ್ಚುತ್ತಿದ್ದಳು. ನಾವಿಬ್ಬರೂ ಅವಳ ಬೆನ್ನ ಹಿಂದೆ ನಗು ತಡೆದುಕೊಳ್ಳುತ್ತಿದ್ದೆವು. ಹೀಗೇ ಕೆಲವು ವರ್ಷ ನಡೆಯಿತು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಬೇಕಾದವಳು ನಾನು ಮತ್ಯಾವತ್ತೂ ಆಗಿರಲಿಲ್ಲ.

ಆಮೇಲೆ ನಿಜವಾದ ಕೆಮ್ಮು ಶುರುವಾಯಿತು.

ಮೊದಲು ಬೆಳಿಗ್ಗೆ, ಚೀಲ ಬಿಚ್ಚಿ ಮಿಕ್ಸರಿಗೆ ಹಿಟ್ಟು ಸುರಿಯುವಾಗ. ಆಮೇಲೆ ಉಂಡೆ ಕಟ್ಟುವಾಗ. ಶೀತ ಎಂದುಕೊಂಡೆ. ಕಷಾಯ ಕುಡಿದೆ. ಒಂದು ಮಧ್ಯಾಹ್ನ ಶೆಫ್ ಡಬ್ಬಿ ತೆಗೆದು ಕಣ್ಣು ಮುಚ್ಚಿದಾಗ ನನಗೆ ತಡೆಯಲಾಗಲಿಲ್ಲ, ಕೆಮ್ಮಿದೆ. ಅವರು ಆ ಡಬ್ಬಿ ಪಕ್ಕಕ್ಕಿಟ್ಟು ಇನ್ನೊಂದು ತೆಗೆದರು. ಮತ್ತೆ ಕೆಮ್ಮು. ಮೂರನೆಯದು. ಉಸಿರು ಸಿಗದೆ ಕೈ ಅಲ್ಲಾಡಿಸುತ್ತಾ "ಅಲ್ಲ, ಅಲ್ಲ" ಎಂದು ಸನ್ನೆ ಮಾಡುವಷ್ಟರಲ್ಲಿ ಅವರು ಅಷ್ಟನ್ನೂ ಕಸದ ಡ್ರಮ್ಮಿಗೆ ಸುರಿದಿದ್ದರು. ಹೂವಿನಂಥ ಹಿಟ್ಟು. ನನ್ನ ಜೀವನದಲ್ಲಿ ಕಟ್ಟಿದ ಒಳ್ಳೆಯ ಉಂಡೆಗಳು.

ಎಲೆನಾ ಟೇಬಲ್ ಒರೆಸುತ್ತಿದ್ದವಳು ಓಡಿ ಬಂದು ನನ್ನನ್ನು ಕುರ್ಚಿಗೆ ಕೂರಿಸಿದಳು. ಶೆಫ್ ಡ್ರಮ್ಮಿನೊಳಗೆ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತು. ನನಗಿಂತ ಮೊದಲು ಅವರಿಗೇ ಅರ್ಥವಾಯಿತು. ಅವರ ಅಪ್ಪನೂ ಇದೇ ಹಿಟ್ಟಿನ ಕೆಲಸದಲ್ಲಿ ಹಾಗೆಯೇ ಕೆಮ್ಮಿ ಕೆಮ್ಮಿ ಹೋದವರಂತೆ.

ಡಾಕ್ಟರು ಹೇಳಿದ್ದು: ಹಿಟ್ಟಿನ ಧೂಳಿನಿಂದ ಬರುವ ಆಸ್ತಮಾ. ಬೇಕರಿಯವರಿಗೆ ಬರುತ್ತದೆ. ತಿನ್ನಬಹುದು, ಉಸಿರಾಡಬಾರದು. ಅದಕ್ಕೇ ಕೇಳು ಮಗಳೇ, ಮಿನಿಜಾಬ್‌ಗೆ ಹೋಗುವವಳೇ, ಹಿಟ್ಟು ಸುರಿಯುವಾಗ ಮಾಸ್ಕ್ ಹಾಕಿಕೋ. ಬೀಸಿ ಸುರಿಯಬೇಡ, ಚೀಲವನ್ನು ಪಾತ್ರೆಯೊಳಗೆ ಇಳಿಸಿ ಮೆಲ್ಲಗೆ ಬಿಡು. ನಗುವವರು ನಗಲಿ. ನನಗೆ ಯಾರೂ ಇದನ್ನು ಹೇಳಿರಲಿಲ್ಲ.

ಮಾಸ್ಕ್ ಹಾಕಿಕೊಂಡು, ಇನ್‌ಹೇಲರ್ ಪಂಪ್ ಎಳೆದುಕೊಂಡು ಮತ್ತೆ ಕೆಲಸಕ್ಕೆ ಹೋದೆ. ನಾನಿಲ್ಲದಿದ್ದರೆ ಇವರೇನು ಮಾಡುತ್ತಾರೆ? ಶೆಫ್ ಬಾಗಿಲಲ್ಲೇ ಅಡ್ಡ ನಿಂತರು.

"ಒಳಗೆ ಬರಬೇಡ."

"ಶೆಫ್, ಮಾಸ್ಕ್ ಹಾಕ್ಕೊಂಡಿದೀನಿ. ಮೂಸೋದಕ್ಕೆ ಒಂದು ನಿಮಿಷ ತೆಗೀತೀನಿ, ಅಷ್ಟೇ."

"ಹೋಗು ಅಂದೆನಲ್ಲ! ನಿನ್ನ ಕೆಲ್ಸ ಮುಗೀತು."

"ಮತ್ತೆ ನಿಮ್ಮ ಹಿಟ್ಟು?"

"ನಂಗೆ ಮೂಗಿಲ್ಲ, ನಿಂಗೆ ಉಸಿರಿಲ್ಲ. ಇಬ್ರಲ್ಲಿ ಒಬ್ರಾದ್ರೂ ನೆಟ್ಟಗೆ ಮನೆಗೆ ಹೋಗ್ಬೇಕೋ ಬೇಡ್ವೋ?"

ಬಾಗಿಲು ಹಾಕಿಕೊಂಡರು. ಗಾಜಿನಾಚೆ ಬೆನ್ನು ತಿರುಗಿಸಿ ನಿಂತಿದ್ದರು. ಏಪ್ರನ್ನಿನ ಗಂಟು ಸಡಿಲವಾಗಿತ್ತು. ದಿನಾ ಅದನ್ನು ಬಿಗಿ ಮಾಡುತ್ತಿದ್ದವಳು ನಾನು. ನನ್ನ ರಿಟೈರ್‌ಮೆಂಟ್ ಫಂಕ್ಷನ್ ಅಷ್ಟೇ.

ಮನೆಯಲ್ಲಿ ಕೂತು ಗೋಡೆ ನೋಡುವ ಕೆಲಸ ಮತ್ತೆ ಶುರುವಾಯಿತು. ಆ ಬೀದಿಯಲ್ಲಿ ಹೋಗದೆ ಸುತ್ತುಹಾಕಿ ಟ್ರಾಮ್ ಹಿಡಿಯುತ್ತಿದ್ದೆ. ತಿಂಗಳುಗಳು ಕಳೆದವು. ಒಂದು ದಿನ ಶೆಫ್ ಫೋನ್ ಮಾಡಿದರು.

"ನಾಳೆ ಮಧ್ಯಾಹ್ನ ಬಾ. ಅಡುಗೆಮನೆಗಲ್ಲ. ಹೊರಗಿನ ಟೇಬಲ್ಲಿಗೆ. ಗಿರಾಕಿ ಥರ ಬಾ."

ಹೋದೆ. ಬಿಸಿಲಿತ್ತು. ಹೊರಗಿನ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿದ್ದರು. ಶೆಫ್ ಇಳಿದುಹೋಗಿದ್ದರು. ಕೂರಲಿಲ್ಲ, ನಿಂತೇ ಮಾತಾಡಿದರು.

"ಕೆಲವು ವಾರದಿಂದ ತಟ್ಟೆ ನೋಡ್ತಿದೀನಿ ಉಮಾ. ಅಂಚು ಬಿಟ್ಟು ಹೋಗ್ತಿದಾರೆ. ಬಾಯಲ್ಲಿ ಎಲ್ರೂ ಚೆನ್ನಾಗೈತೆ ಅಂತಾರೆ. ಹಳಬರು. ಪಾಪ, ನನ್ನ ಮುಖ ನೋಡಿ ಹೇಳ್ತಾರೆ. ಕೈಗೆ ಅನುಮಾನ ಬಂದೈತೆ. ಆದ್ರೆ ಈ ಕೈಗೂ ವಯಸ್ಸಾತು. ನೀನು ಹೇಳು. ಚೆನ್ನಾಗೈತೆ ಅಂದ್ರೆ ಮುಂದುವರಿಸ್ತೀನಿ. ಇಲ್ಲ ಅಂದ್ರೆ ಇವತ್ತಿಗೇ ಸಾಕು."

ಒಳಗೆ ಹೋದರು. ಒಲೆಗೆ ಸಲಿಕೆ ತಾಗುವ ಸದ್ದು ಹೊರಗೆ ಕೇಳಿತು. ಆ ಸದ್ದು ಕೇಳಿ ಸಲಿಕೆ ತಳ್ಳುವವಳಂತೆ ನನ್ನ ಭುಜ ತಾನಾಗಿ ಅಲ್ಲಾಡಿತು.

ತಟ್ಟೆ ಟೇಬಲ್ಲಿಗೆ ತಾಗುವ ಮೊದಲೇ ನನಗೆ ಗೊತ್ತಾಗಿತ್ತು. ಟೊಮ್ಯಾಟೊ ಸರಿ ಇತ್ತು. ಚೀಸ್ ಸರಿ ಇತ್ತು. ಬೇಸಿಲ್ ಅದೇ ಹಳೆಯ ಬೇಸಿಲ್. ಅದರ ಅಡಿಯಿಂದ, ಬಿಳಿಚಿದ ಅಂಚಿನಿಂದ, ಹೈಟ್ಸುಂಗ್ ಪಕ್ಕದ ಆ ಬೆಳಗಿನ ವಾಸನೆ ಬರುತ್ತಿತ್ತು.

ಬಾಯಿಗಿಟ್ಟೆ. ಅಗಿದೆ. ಅವರು ತಟ್ಟೆ ನೋಡಲಿಲ್ಲ. ನಾನು ತಿನ್ನುವಾಗ ಮೊದಲ ಸಲ ನನ್ನ ಮುಖ ನೋಡುತ್ತಿದ್ದರು. ಚೆನ್ನಾಗಿದೆ ಎಂದಿದ್ದರೆ ನಂಬುತ್ತಿದ್ದರು. ಇನ್ನೊಂದೆರಡು ವರ್ಷ ಒಲೆ ಉರಿಯುತ್ತಿತ್ತು, ಹಳಬರು ಒಬ್ಬೊಬ್ಬರಾಗಿ ಅಂಚು ಬಿಟ್ಟು ಏಳುತ್ತಿದ್ದರು, ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಈ ಮನುಷ್ಯ ನನಗೆ ಒಂದು ಕೆಲಸ ಕೊಟ್ಟಿದ್ದರು, ಮೂಗಿನ ಕೆಲಸ.

"ದವನಜೇರೆ, ಶೆಫ್," ಎಂದೆ.

ಅವರು ತಲೆ ಆಡಿಸಿದರು. ಕೈಯೊರೆಸುವ ಬಟ್ಟೆಯನ್ನು ಭುಜದಿಂದ ತೆಗೆದು ನಿಧಾನವಾಗಿ ಮಡಚಿದರು. ಕುರ್ಚಿ ಎಳೆದುಕೊಂಡು ಕೂತು, ತಟ್ಟೆಯನ್ನು ತಮ್ಮ ಕಡೆಗೆ ಸರಿಸಿಕೊಂಡರು.

"ಕೆಡಿಸಿದೋನು ತಿನ್ಬೇಕು," ಎಂದರು.

ನಾನು ಅರ್ಧ ಹರಿದು ತೆಗೆದುಕೊಂಡೆ.

"ನೀನ್ಯಾಕೆ? ನೀನು ಕಲಿಸಿದೋಳಲ್ಲ."

"ಕಲ್ತೋಳೂ ತಿನ್ಬೇಕು, ಶೆಫ್. ಹೊಸ ಕಾನೂನು."

ಅವರು ನಕ್ಕರು. ನಗು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹೇಳು, ಏನೇನು ಬರ್ತೈತೆ?"

ಹೇಳಿದೆ. ಟೊಮ್ಯಾಟೊ ಸಿಹಿ ಮೊದಲು ಬಂತು, ಶೆಫ್. ಈಗ ಎಣ್ಣೆ, ಸ್ವಲ್ಪ ಖಾರ ಗಂಟಲಿಗೆ. ಬೇಸಿಲ್ ಒಂದು ಎಲೆ ಸುಟ್ಟಿದೆ, ಅದು ಹೆಚ್ಚು ಘಮ. ಬೀಚ್ ಕಟ್ಟಿಗೆಯ ಹೊಗೆ ಅಡಿಯಲ್ಲಿದೆ. ಹಾಲಿನ ವಾಸನೆ ಇದೆ, ಮೊಝರೆಲ್ಲಾದು. ಆಮೇಲೆ ಹುಳಿ. ನಮ್ಮೂರ ಹುಳಿ.

ನಾನು ಹೇಳುತ್ತಾ ಹೋದೆ, ಅವರು ಅಗಿಯುತ್ತಾ ಹೋದರು. ಅಂಚನ್ನೂ ಬಿಡಲಿಲ್ಲ. ಒಳಗೆ ಕಟ್ಟಿಗೆ ಬೂದಿಯಾಗುತ್ತಿತ್ತು. ಒಲೆಗೆ ಇನ್ನೊಂದು ಕಟ್ಟಿಗೆ ಹಾಕಲು ಇಬ್ಬರೂ ಏಳಲಿಲ್ಲ.